ಮುತ್ತತ್ತಿ ಹೊಳೆ ದಂಡೆಯಲ್ಲಿ ಒಂದು ದಿನ



ನಮ್ಮ ಕಲಿಕಾ ಕೇಂದ್ರದಲ್ಲಿ ಮೂರನೇ ಪುಸ್ತಕ ಮುಗಿಯಿತು. ಆ ದಿನ ಒಂದು ಮಾತು ಬಂತು. ಎಲ್ಲಾದರೂ ಒಂದು ದಿನ ಹೋಗಿ ಬರೋಣ ಎಂಬ ಮಾತು.

"ಮದುವೆಗೆ ಹೋಗಿದ್ದೀವಿ. ತಿಥಿಗೆ ಹೋಗಿದ್ದೀವಿ. ಆಸ್ಪತ್ರೆಗೆ ಹೋಗಿದ್ದೀವಿ. ಸುಮ್ನೆ ಅಂತ ಎಲ್ಲಿಗೂ ಹೋಗಿಲ್ಲ ಟೀಚರಮ್ಮ" ಎಂದರು ಡೈರಿಗೆ ಹಾಲು ಹಾಕುವ ಅಕ್ಕ.

ಅವರು ಹೇಳಿದ್ದು ನಿಜ. ಟೀಚರ್ ಆದ ನಮ್ಮದೂ ಅದೇ ಪಾಡು. ಶಾಲೆ, ಮನೆ, ಸಂಜೆ ಈ ಕೇಂದ್ರ. ಅಷ್ಟೇ.

ಎಲ್ಲಿಗೆ ಹೋಗೋದು? ಒಬ್ಬರು ಮೈಸೂರು ಎಂದರು. ಒಬ್ಬರು ಧರ್ಮಸ್ಥಳ ಎಂದರು. ಕೊನೆಗೆ ಮುತ್ತತ್ತಿ ಎಂದು ತೀರ್ಮಾನ ಆಯಿತು. ಅಲ್ಲಿ ಹೊಳೆ ಇದೆ. ಕಾಡು ಇದೆ. ಆಂಜನೇಯನ ಗುಡಿ ಇದೆ. "ದೇವಸ್ಥಾನಕ್ಕೆ ಅಂದ್ರೆ ಮನೇಲಿ ಬೇಡ ಅನ್ನಲ್ಲ" ಎಂದು ಒಬ್ಬರು ಹೇಳಿದರು. ಎಲ್ಲರೂ ನಕ್ಕರು.

ಒಬ್ಬ ಅಕ್ಕ ಮಾತ್ರ ನಗಲಿಲ್ಲ. "ಹೊಳೆಗಾ? ನಾ ಬರಲ್ಲ" ಎಂದರು. ಬಲವಂತ ಮಾಡಿ ಒಪ್ಪಿಸಿದೆವು. ಅವರು ಯಾಕೆ ಹಾಗೆ ಅಂದರು ಎಂಬುದು ನಮಗೆ ಆಗ ಗೊತ್ತಿರಲಿಲ್ಲ.

ಶಿವರಾತ್ರಿ ಕಳೆದ ಮೇಲೆ ಒಂದು ಭಾನುವಾರ ಹೊರಟೆವು. ನಾವು ಹದಿನಾಲ್ಕು ಜನ ಹೆಂಗಸರು. ಜೊತೆಗೆ ಆರು ಮಕ್ಕಳು. ಹಲಗೂರಿನವರೆಗೆ ಸರ್ಕಾರಿ ಬಸ್ಸು. 2023ರ ಜೂನ್ ತಿಂಗಳಲ್ಲಿ ಶಕ್ತಿ ಯೋಜನೆ ಬಂತಲ್ಲ, ಅದರಿಂದ ಹೆಂಗಸರಿಗೆ ಬಸ್ ಚಾರ್ಜಿಲ್ಲ. ಆಧಾರ್ ಕಾರ್ಡು ತೋರಿಸಿದೆವು. ಕಂಡಕ್ಟರು ಸೊನ್ನೆ ರೂಪಾಯಿ ಟಿಕೆಟ್ ಕೊಟ್ಟರು. ನಮ್ಮ ಗುಂಪಿನ ಅಜ್ಜಿ ಟಿಕೆಟ್ಟನ್ನು ಕಣ್ಣ ಹತ್ತಿರ ಹಿಡಿದು ಆ ಸೊನ್ನೆಯನ್ನು ಓದಿದರು. ಆಮೇಲೆ ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

ಹಲಗೂರಿನಿಂದ ಮುಂದಕ್ಕೆ ಟೆಂಪೋ ಮಾಡಿಕೊಂಡೆವು.

ಮುತ್ತತ್ತಿ ಇರುವುದು ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನಲ್ಲಿ. ಬೆಂಗಳೂರಿನಿಂದ ಸುಮಾರು 100 ಕಿಲೋಮೀಟರ್. ಕಾವೇರಿ ಹೊಳೆ ಇಲ್ಲಿ ಬೆಟ್ಟಗಳ ನಡುವೆ ಹರಿಯುತ್ತದೆ. ಸುತ್ತಲಿನ ಕಾಡಿಗೆ ಕಾವೇರಿ ವನ್ಯಜೀವಿ ಧಾಮ ಎಂದು ಹೆಸರು. 1987ರಲ್ಲಿ ಸರ್ಕಾರ ಈ ಕಾಡನ್ನು ವನ್ಯಜೀವಿ ಧಾಮ ಎಂದು ಸಾರಿತು. ವನ್ಯಜೀವಿ ಎಂದರೆ ಕಾಡಿನ ಪ್ರಾಣಿ, ಪಕ್ಷಿ. ಧಾಮ ಎಂದರೆ ಇರುವ ಮನೆ. ಅಂದರೆ ಇದು ಆನೆ, ಕಡವೆ, ಜಿಂಕೆಗಳ ಮನೆ. ಅಲ್ಲಿಗೆ ನಾವು ನೆಂಟರು. ನೆಂಟರ ಮನೆಗೆ ಹೋದಾಗ ಹೇಗಿರಬೇಕೋ ಹಾಗಿರಬೇಕು.

ಹೀಗೆಲ್ಲ ಟೆಂಪೋದಲ್ಲಿ ಪಾಠ ಹೇಳಿದವರು ನಾವೇ. ಆದರೆ ಚೆಕ್‌ಪೋಸ್ಟಿನಲ್ಲಿ ಸಿಕ್ಕಿಬಿದ್ದವರೂ ನಾವೇ! ಅರಣ್ಯ ಇಲಾಖೆಯ ಗಾರ್ಡು ಚೀಲಗಳನ್ನು ನೋಡಿದರು. ಅಕ್ಕಂದಿರ ಚೀಲದಲ್ಲಿ ಸ್ಟೀಲ್ ಡಬ್ಬಿ, ಚೊಂಬು, ಮುತ್ತುಗದ ಎಲೆ. ನಮ್ಮ ಚೀಲದಲ್ಲಿ ಎರಡು ಕಟ್ಟು ಪ್ಲಾಸ್ಟಿಕ್ ಲೋಟ. "ಇದು ಒಳಕ್ಕೆ ಬೇಡ ಮೇಡಂ" ಎಂದು ಅವರು ತೆಗೆದಿಟ್ಟುಕೊಂಡರು. ಉಪ್ಪು, ಎಣ್ಣೆ ಅಂಟಿದ ಪ್ಲಾಸ್ಟಿಕ್ಕನ್ನು ಜಿಂಕೆ, ಆನೆಗಳು ತಿಂದುಬಿಡುತ್ತವೆ. ಅದು ಹೊಟ್ಟೆಯಲ್ಲಿ ಕರಗುವುದಿಲ್ಲ. ನಮಗೆ ನಾಚಿಕೆ ಆಯಿತು. ಅಕ್ಕಂದಿರು ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕರು.

ದಾರಿಯ ಮೇಲೆ ಆನೆ ಲದ್ದಿ ಬಿದ್ದಿತ್ತು. ಮಕ್ಕಳಿಗೆ ಖುಷಿಯೋ ಖುಷಿ. ಲದ್ದಿ ಹಸಿಯಾಗಿತ್ತು ಎಂದು ಡ್ರೈವರ್ ಹೇಳಿದ ಮೇಲೆ ದೊಡ್ಡವರು ಮಾತು ನಿಲ್ಲಿಸಿದರು.

ಗುಡಿಗೆ ಹೋಗಿ ಕೈಮುಗಿದೆವು. ಮುತ್ತತ್ತಿ ಎಂಬ ಹೆಸರು ಹೇಗೆ ಬಂತು ಎಂದು ಅಲ್ಲಿಯವರು ಒಂದು ಕಥೆ ಹೇಳುತ್ತಾರೆ. ಸೀತಮ್ಮ ಈ ಹೊಳೆಯಲ್ಲಿ ಮೀಯುವಾಗ ಮೂಗುತಿಯ ಮುತ್ತು ನೀರಿಗೆ ಬಿತ್ತಂತೆ. ಆಂಜನೇಯ ಬಾಲ ಇಳಿಬಿಟ್ಟು ಮುತ್ತನ್ನು ಎತ್ತಿಕೊಟ್ಟನಂತೆ. ಮುತ್ತು ಎತ್ತಿದ ಜಾಗ ಮುತ್ತತ್ತಿ ಆಯಿತು. ಅಜ್ಜಿ ಈ ಕಥೆ ಕೇಳಿ, "ಸೀತಮ್ಮನ ಮೂಗುತೀನೇ ಬಿಡದ ನೀರು. ನಮ್ಮನ್ನ ಬಿಟ್ಟೀತೇ? ಹುಷಾರು" ಎಂದರು.

ಗುಡಿಯಿಂದ ಹೊಳೆ ದಂಡೆಯಲ್ಲಿ ಸ್ವಲ್ಪ ದೂರ ನಡೆದೆವು. ಏನು ನೆರಳು ಅಂತೀರಿ! ದಂಡೆ ಉದ್ದಕ್ಕೂ ಹೊಳೆಮತ್ತಿ ಮರಗಳು. ನುಣ್ಣನೆಯ ಬಿಳಿ ಬೊಡ್ಡೆ. ಬೇರುಗಳು ದಂಡೆಯ ಮಣ್ಣನ್ನು ಬಿಗಿಯಾಗಿ ಹಿಡಿದಿವೆ. ಆ ಮರ ಕಡಿದರೆ ದಂಡೆಯೇ ಕುಸಿಯುತ್ತದೆ. ಇಂಥ ಮರಗಳ ಮೇಲೆ ಬೂದು ಬಣ್ಣದ ದೊಡ್ಡ ಅಳಿಲು ಗೂಡು ಕಟ್ಟುತ್ತದೆ. ಬೆಕ್ಕಿನಷ್ಟು ಉದ್ದ ಇರುತ್ತದೆ. ಈ ಅಳಿಲು ದಕ್ಷಿಣ ಭಾರತದ ಕೆಲವೇ ಕಾಡುಗಳಲ್ಲಿ ಮತ್ತು ಶ್ರೀಲಂಕಾದಲ್ಲಿ ಮಾತ್ರ ಇದೆ. ನಮಗೆ ಅಳಿಲು ಕಾಣಲಿಲ್ಲ. ಮರದ ತುದಿಯಲ್ಲಿ ಗೂಡು ಮಾತ್ರ ಕಂಡಿತು.

ನೀರಿನಲ್ಲಿ ನೀರುನಾಯಿ ಇವೆ. ಮೊಸಳೆಯೂ ಇದೆ. ಮಹಶೀರ್ ಎಂಬ ದೊಡ್ಡ ಮೀನು ಇದೆ. ಅದರಲ್ಲಿ ಒಂದು ಜಾತಿ ಕಾವೇರಿ ಮತ್ತು ಅದಕ್ಕೆ ಸೇರುವ ಹೊಳೆಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. 50 ಕಿಲೋ ತೂಗಿದ್ದೂ ಉಂಟು. ಜನ ನೀರಿಗೆ ಸಿಡಿಮದ್ದು ಹಾಕಿ ಹಿಡಿದರು. ಹೊಳೆ ಕೆಟ್ಟಿತು. 2018ರಲ್ಲಿ ಈ ಮೀನನ್ನು ಪೂರ್ತಿ ಅಳಿದುಹೋಗುವ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದರು.

ಊಟಕ್ಕೆ ಕೂತೆವು. ರೊಟ್ಟಿ, ಹುಚ್ಚೆಳ್ಳು ಚಟ್ನಿ, ಚಿತ್ರಾನ್ನ, ಮೊಸರನ್ನ. ಕೋತಿಗಳು ಸುತ್ತ ಬಂದು ಕೂತವು. ಒಂದು ಮಗು ರೊಟ್ಟಿ ಚೂರು ಎಸೆಯಿತು. ಅಷ್ಟೇ! ಒಂದು ಕೋತಿ ಹಾರಿ ಬಂದು ಚಟ್ನಿ ಡಬ್ಬಿಯನ್ನೇ ಹೊತ್ತುಕೊಂಡು ಹೋಯಿತು. ಪಾಪ, ಖಾರ ತಿಂದು ಏನಾಯಿತೋ. ಕೋತಿಗೆ ತಿಂಡಿ ಹಾಕುವುದು ಪುಣ್ಯ ಎಂದು ನಾವು ತಿಳಿದಿದ್ದೇವೆ. ಹಾಕಿ ಹಾಕಿ ಅವು ಕಾಡಿನ ಹಣ್ಣು, ಚಿಗುರು ಹುಡುಕುವುದನ್ನೇ ಬಿಡುತ್ತವೆ. ಕೊಡದಿದ್ದರೆ ಕಚ್ಚುತ್ತವೆ. ಮಕ್ಕಳ ಕೈಗೆ ತಿಂಡಿ ಕೊಟ್ಟು ಕಾಡಿನಲ್ಲಿ ಬಿಡಬೇಡಿ.

ಊಟ ಆದ ಮೇಲೆ ನೀರಿಗೆ ಇಳಿಯುವ ಆಸೆ ಎಲ್ಲರಿಗೂ. ಬೇಸಿಗೆ ಶುರುವಾಗಿತ್ತು. ಹೊಳೆಯಲ್ಲಿ ನೀರು ಕಡಿಮೆ. ಬಂಡೆಗಳು ಮೇಲೆ ಎದ್ದಿದ್ದವು. ಬಂಡೆಗಳ ನಡುವೆ ಹಸಿರು ನೀರು ಸುಮ್ಮನೆ ನಿಂತ ಹಾಗೆ ಕಾಣುತ್ತಿತ್ತು. ನಮ್ಮೂರ ಕೆರೆಯೇ ಇದಕ್ಕಿಂತ ದೊಡ್ಡದು ಎಂದು ಒಬ್ಬರು ಅಂದರು.

ಅಲ್ಲೇ ದಂಡೆ ಮೇಲೆ ಒಂದು ಫಲಕ ಇತ್ತು. ಫಲಕ ಎಂದರೆ ಬೋರ್ಡು. ಕೆಂಪು ಅಕ್ಷರ. "ಓದಿ ನೋಡೋಣ" ಎಂದೆವು. ಎಲ್ಲರೂ ಫಲಕದ ಮುಂದೆ ನಿಂತರು. ಪುಸ್ತಕದಲ್ಲಿ ಓದುವುದು ಒಂದು. ಊರು ಬಿಟ್ಟು ಬಂದು, ಗೊತ್ತಿಲ್ಲದ ಜಾಗದಲ್ಲಿ ಓದುವುದು ಇನ್ನೊಂದು.

ಎಚ್ಚರಿಕೆ.
ಅಪಾಯದ ಸ್ಥಳ.
ಇಲ್ಲಿ ಆಳವಾದ ಸುಳಿ ಇದೆ.
ಈಜುವುದನ್ನು ನಿಷೇಧಿಸಲಾಗಿದೆ.

ಮೂರು ಸಾಲು ಸಲೀಸಾಗಿ ಬಂತು. ನಾಲ್ಕನೇ ಸಾಲಿಗೆ ಎಲ್ಲರೂ ನಿಂತರು. "ನಿ... ಷೇ... ಧಿ..." ಅಕ್ಷರ ಕೂಡಿತು. ಆದರೆ ಅರ್ಥ ಆಗಲಿಲ್ಲ. ನಿಷೇಧ ಎಂದರೆ ಮಾಡಕೂಡದು ಎಂದು ಹೇಳಿದೆವು. "ಈಜಬೇಡಿ ಅಂತ ಬರೆಯಕ್ಕೆ ಏನಾಗಿತ್ತು?" ಎಂದು ಡೈರಿ ಅಕ್ಕ ಕೇಳಿದರು. ನಮ್ಮ ಹತ್ತಿರ ಉತ್ತರ ಇರಲಿಲ್ಲ. ಜೀವ ಉಳಿಸುವ ಮಾತನ್ನಾದರೂ ಜನ ಆಡುವ ಮಾತಿನಲ್ಲಿ ಬರೆಯಬೇಕು. ಇದು ನಮ್ಮ ಅಭಿಪ್ರಾಯ.

ಹೊಳೆಗೆ ಬರಲ್ಲ ಎಂದಿದ್ದ ಅಕ್ಕ ಫಲಕವನ್ನು ಎರಡು ಸಲ ಓದಿದರು. ಆಮೇಲೆ ಹೊಳೆಮತ್ತಿ ಮರದ ಬೇರಿನ ಮೇಲೆ ಕೂತುಬಿಟ್ಟರು. ನಾವು ಪಕ್ಕದಲ್ಲಿ ಕೂತೆವು. ಸ್ವಲ್ಪ ಹೊತ್ತಾದ ಮೇಲೆ ಅವರೇ ಮಾತಾಡಿದರು.

ಅವರ ತಮ್ಮನ ಮಗ. ಹದಿನಾರು ವರ್ಷ. ಇನ್ನೊಂದು ಹೊಳೆಗೆ ಮನೆಯವರೆಲ್ಲ ಹೀಗೇ ಬುತ್ತಿ ಕಟ್ಟಿಕೊಂಡು ಹೋಗಿದ್ದರು. ಹುಡುಗ ಮೊಣಕಾಲು ನೀರಿನಲ್ಲಿ ನಿಂತು ನಗುತ್ತಿದ್ದ. ಒಂದು ಹೆಜ್ಜೆ ಹಿಂದಕ್ಕೆ ಇಟ್ಟ. ಕಾಣಲಿಲ್ಲ. ಮಾರನೇ ದಿನ ಸಿಕ್ಕಿದ.

"ಅಲ್ಲೂ ಬೋರ್ಡಿತ್ತು ಟೀಚರಮ್ಮ. ಅದರ ಕಂಬಕ್ಕೆ ನಾನೇ ಟವೆಲ್ ಒಣಗಾಕಿದ್ದೆ. ಅದರಲ್ಲಿ ಏನು ಬರೆದೈತೆ ಅಂತ ನಂಗೇನು ಗೊತ್ತು? ಯಾರನ್ನೂ ಕೇಳ್ಲೂ ಇಲ್ಲ."

ನಮಗೆ ಏನು ಹೇಳಬೇಕೋ ತಿಳಿಯಲಿಲ್ಲ. ಓದು ಬಂದವರೂ ಮುಳುಗುತ್ತಾರೆ ಅಕ್ಕ ಎಂದೆವು. ಅದು ಸಮಾಧಾನಕ್ಕೆ ಹೇಳಿದ ಮಾತಲ್ಲ. ಪೇಪರಿನಲ್ಲಿ ನೋಡಿ. ಹೊಳೆಯಲ್ಲಿ ಸತ್ತರು ಎಂದು ಬರುವ ಹೆಸರುಗಳಲ್ಲಿ ಕಾಲೇಜು ಹುಡುಗರು ಎಷ್ಟು ಜನ!

ಆ ಮಾತು ಮುಗಿಯುವುದರೊಳಗೆ ಅಂಥವರೇ ಬಂದರು. ಐದು ಜನ ಹುಡುಗರು. ಅಂಗಿ ಬಿಚ್ಚಿ ಫಲಕದ ಮೇಲೆ ಹಾಕಿದರು. ಬಂಡೆಯಿಂದ ಬಂಡೆಗೆ ಹಾರಿ ಹಸಿರು ನೀರಿನ ಹತ್ತಿರ ಹೋದರು. ಇಬ್ಬರು ಸೊಂಟದವರೆಗೆ ಇಳಿದೇಬಿಟ್ಟರು.

ಅಜ್ಜಿ ಎದ್ದರು. "ಲೋ ಮಕ್ಕಳಾ, ಈ ಬೋರ್ಡು ಕಾಣಲ್ವಾ?"

"ಕಾಣುತ್ತೆ ಅಜ್ಜಿ" ಎಂದ ಒಬ್ಬ.

"ಓದಕ್ಕೆ ಬರಲ್ವಾ?"

ಹುಡುಗರು ನಕ್ಕರು. "ನಾವು ಇಂಜಿನಿಯರಿಂಗ್ ಓದ್ತಿದ್ದೀವಿ ಅಜ್ಜಿ."

"ಹಂಗಾದ್ರೆ ನಿಮಗೆ ಬರಲ್ಲ. ನಾ ಓದ್ತೀನಿ, ಕೇಳ್ಕಳಿ."

ಅಜ್ಜಿ ಹುಡುಗರ ಅಂಗಿಗಳನ್ನು ಫಲಕದಿಂದ ಕೆಳಗೆ ಎಳೆದರು. ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಕೂಗಿ ಓದತೊಡಗಿದರು. "ಎ... ಚ್ಚ... ರಿ... ಕೆ." ನಮ್ಮವರೆಲ್ಲ ಕೇಂದ್ರದಲ್ಲಿ ಹೇಳುವ ಹಾಗೆ ದನಿ ಸೇರಿಸಿದರು. ಹೊಳೆ ದಂಡೆಯಲ್ಲಿ ಹದಿನಾಲ್ಕು ಹೆಂಗಸರ ಪಾಠ! ಬೇರೆ ಕಡೆ ಊಟ ಮಾಡುತ್ತಿದ್ದವರೂ ಎದ್ದು ಬಂದು ನೋಡಿದರು. ಕೊನೆಯ ಸಾಲಿಗೆ ಬಂದಾಗ ಅಜ್ಜಿ, "ಈಜುವುದನ್ನು... ಮಾಡಕೂಡದು" ಎಂದು ತಮ್ಮದೇ ಮಾತು ಸೇರಿಸಿ ಮುಗಿಸಿದರು.

ನೀರಿನಲ್ಲಿದ್ದ ಇಬ್ಬರು ಮೇಲೆ ಬಂದರು. ಇನ್ನೊಬ್ಬನೂ ದಂಡೆಗೆ ಬಂದ. ಉಳಿದ ಇಬ್ಬರು ಬರಲಿಲ್ಲ. ಬಂಡೆಯ ಮೇಲೆಯೇ ಕೂತು ಕಾಲು ಇಳಿಬಿಟ್ಟುಕೊಂಡರು. ನೀರಿಗೆ ಮಾತ್ರ ಇಳಿಯಲಿಲ್ಲ.

ಈಗ ನೋಡಿ, ಸುಮ್ಮನೆ ನಿಂತಂತೆ ಕಾಣುವ ನೀರಿನಲ್ಲಿ ಅಪಾಯ ಏನು? ಇದನ್ನು ತಿಳಿಯಬೇಕು.

ಇಲ್ಲಿ ಹೊಳೆಯ ತಳ ಬಂಡೆ. ಸಾವಿರಾರು ವರ್ಷದಿಂದ ನೀರು ಸುತ್ತಿ ಸುತ್ತಿ ಹರಿದಿದೆ. ನೀರಿನ ಜೊತೆ ಸಣ್ಣ ಕಲ್ಲುಗಳೂ ಸುತ್ತುತ್ತವೆ. ಅವು ಒರಳಿನ ಹಾಗೆ ಬಂಡೆಯಲ್ಲಿ ಗುಂಡಿ ಕೊರೆಯುತ್ತವೆ. ಹಾಗಾಗಿ ಒಂದು ಕಡೆ ಮೊಣಕಾಲು ನೀರು. ಪಕ್ಕದ ಹೆಜ್ಜೆಯಲ್ಲಿ ಎರಡು ಆಳು ಮಡು. ಮೇಲೆ ನೀರು ಅಲುಗುವುದಿಲ್ಲ. ಕೆಳಗೆ ಬಂಡೆಗಳ ಸಂದಿಯಲ್ಲಿ ಸೆಳವು ಇರುತ್ತದೆ. ಆ ಸೆಳವು ಕಾಲು ಎಳೆಯುತ್ತದೆ. ಈಜು ಬರುವವರನ್ನೂ ಎಳೆಯುತ್ತದೆ. ಬಾವಿಯಲ್ಲಿ, ಕೆರೆಯಲ್ಲಿ ಕಲಿತ ಈಜು ಸುಳಿಯಲ್ಲಿ ನಡೆಯುವುದಿಲ್ಲ. ಬಂಡೆಯ ಮೇಲೆ ಪಾಚಿ ಬೇರೆ. ಫೋಟೋ ತೆಗೆಯಲು ಹಿಂದೆ ಹಿಂದೆ ಹೆಜ್ಜೆ ಇಟ್ಟವರು ಜಾರುತ್ತಾರೆ.

ಇನ್ನೊಂದು ಸಂಗತಿ ಇದೆ. ಮುತ್ತತ್ತಿಗೆ ಬರುವ ನೀರು ಕನ್ನಂಬಾಡಿ ಕಟ್ಟೆಯಿಂದಲೂ ಬರುತ್ತದೆ, ಕಬಿನಿ ಕಟ್ಟೆಯಿಂದಲೂ ಬರುತ್ತದೆ. ಎರಡೂ ಹೊಳೆ ತಿರುಮಕೂಡಲು ನರಸೀಪುರದಲ್ಲಿ ಕೂಡುತ್ತವೆ. ಕನ್ನಂಬಾಡಿಯಲ್ಲಿ 124.80 ಅಡಿ ತುಂಬಿತು ಎಂದರೆ ನಮ್ಮ ಜಿಲ್ಲೆಗೆಲ್ಲ ಹಬ್ಬ. ಆದರೆ ಕಟ್ಟೆ ತುಂಬಿದ ಮೇಲೆ ಬಂದ ನೀರನ್ನು ಹೊಳೆಗೆ ಬಿಡಲೇಬೇಕು. ಮಳೆ ಬಿದ್ದದ್ದು ಕೊಡಗಿನಲ್ಲಿ, ವೈನಾಡಿನಲ್ಲಿ. ಇಲ್ಲಿ ಆಕಾಶದಲ್ಲಿ ಒಂದು ಮೋಡ ಇಲ್ಲ. ಆದರೂ ಹೊಳೆ ಏರುತ್ತದೆ. ಬೆಳಗ್ಗೆ ನಡೆದು ಹೋಗಿ ಕೂತ ಬಂಡೆಯ ಸುತ್ತ ಮಧ್ಯಾಹ್ನ ನೀರು ತುಂಬಿರುತ್ತದೆ. ನೀರು ಕೆಂಪಾಯಿತು, ಕಸ ಕಡ್ಡಿ ತೇಲಿ ಬಂತು, ಸದ್ದು ಹೆಚ್ಚಾಯಿತು ಎಂದರೆ ತಡಮಾಡದೆ ಮೇಲೆ ಬನ್ನಿ. ಚಪ್ಪಲಿ, ಪಾತ್ರೆ ಹೋದರೆ ಹೋಗಲಿ.

ನಾವು ಹೆಂಗಸರು ಸೀರೆಯಲ್ಲೇ ನೀರಿಗೆ ಇಳಿಯುತ್ತೇವೆ. ನೆನೆದ ಸೀರೆ ಎಷ್ಟು ಭಾರ ಎಂದು ಬಟ್ಟೆ ಒಗೆಯುವ ನಮಗೆ ಹೇಳಬೇಕೆ? ಅದು ಕಾಲಿಗೆ ಸುತ್ತಿಕೊಂಡರೆ ಎದ್ದು ನಿಲ್ಲಲಾಗುವುದಿಲ್ಲ.

ಆದರೆ ಅದೇ ಸೀರೆ ಜೀವ ಉಳಿಸಿದ್ದೂ ಇದೆ. 2020ರ ಆಗಸ್ಟ್ ತಿಂಗಳಲ್ಲಿ ತಮಿಳುನಾಡಿನ ಪೆರಂಬಲೂರು ಜಿಲ್ಲೆಯ ಕೊಟ್ಟರೈ ಅಣೆಕಟ್ಟೆಯಲ್ಲಿ ನಾಲ್ಕು ಜನ ಹುಡುಗರು ಮುಳುಗುತ್ತಿದ್ದರು. ಬಟ್ಟೆ ಒಗೆಯಲು ಬಂದಿದ್ದ ಮೂವರು ಹೆಂಗಸರು ನೋಡಿದರು. ಉಟ್ಟ ಸೀರೆ ಬಿಚ್ಚಿ ನೀರಿಗೆ ಎಸೆದರು. ಇಬ್ಬರು ಹುಡುಗರು ಸೀರೆ ಹಿಡಿದು ಬದುಕಿದರು. ಇನ್ನಿಬ್ಬರು ಉಳಿಯಲಿಲ್ಲ. ಆ ಹೆಂಗಸರಿಗೆ ತಮಿಳುನಾಡು ಸರ್ಕಾರ ಕಲ್ಪನಾ ಚಾವ್ಲಾ ಹೆಸರಿನ ಪ್ರಶಸ್ತಿ ಕೊಟ್ಟಿತು.

ಈ ಸುದ್ದಿ ಹೇಳಿದಾಗ ಎಲ್ಲರೂ ಸುಮ್ಮನಾದರು. "ಮಾನ ನೋಡ್ಕೊಂಡು ನಿಂತಿದ್ರೆ ನಾಲ್ಕೂ ಹೋಗ್ತಿದ್ವು" ಎಂದರು ಅಜ್ಜಿ.

ಯಾರಾದರೂ ಮುಳುಗುತ್ತಿದ್ದರೆ ನೀವು ನೀರಿಗೆ ಹಾರಬೇಡಿ. ಮುಳುಗುವವರು ಗಾಬರಿಯಲ್ಲಿ ಅಪ್ಪಿಕೊಂಡು ನಿಮ್ಮನ್ನೂ ಮುಳುಗಿಸುತ್ತಾರೆ. ಒಬ್ಬರನ್ನು ಉಳಿಸಲು ಹೋಗಿ ಮನೆಯವರೆಲ್ಲ ಹೋದದ್ದು ಹೀಗೇ. ಮೊದಲು ಕೂಗಿ ಜನ ಸೇರಿಸಿ. ದಂಡೆಯ ಮೇಲೆ ಮಲಗಿ ಉದ್ದನೆ ಕೋಲು ಚಾಚಿ. ಸೀರೆ ಅಥವಾ ಹಗ್ಗದ ತುದಿಗೆ ಗಂಟು ಹಾಕಿ ಎಸೆಯಿರಿ. ಮುಚ್ಚಳ ಬಿಗಿ ಮಾಡಿದ ಖಾಲಿ ಕ್ಯಾನು ತೇಲುತ್ತದೆ. ಅದನ್ನು ಕಟ್ಟಿ ಎಸೆದರೆ ಹಿಡಿದುಕೊಳ್ಳುತ್ತಾರೆ. ಎಸೆಯುವವರ ಸೊಂಟವನ್ನು ಹಿಂದಿನಿಂದ ಇಬ್ಬರು ಹಿಡಿದಿರಲಿ.

ಮೇಲೆ ತಂದ ಮೇಲೆ ನಮ್ಮ ಕಡೆ ಒಂದು ರೂಢಿ ಇದೆ. ತಲೆಕೆಳಗೆ ಮಾಡಿ ತಿರುಗಿಸುತ್ತಾರೆ. ಹೊಟ್ಟೆ ಒತ್ತಿ ನೀರು ಕಕ್ಕಿಸುತ್ತಾರೆ. ಇದು ತಪ್ಪು. ಇದರಿಂದ ಹೊತ್ತು ಹೋಗುತ್ತದೆ. ಹೊಟ್ಟೆಯಲ್ಲಿದ್ದದ್ದು ಉಸಿರುದಾರಿಗೆ ಹೋಗಬಹುದು. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಉಸಿರು ಆಡುತ್ತಿದೆಯೇ ನೋಡಬೇಕು. ಆಡುತ್ತಿದ್ದರೆ ಮಗ್ಗುಲಿಗೆ ಹೊರಳಿಸಿ. ಆಡದಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಊದಬೇಕು, ಎದೆಯ ನಡುವೆ ಒತ್ತಬೇಕು. ಎಷ್ಟು ಒತ್ತಬೇಕು, ಹೇಗೆ ಒತ್ತಬೇಕು ಎಂಬುದು ಓದಿದರೆ ಬರುವುದಿಲ್ಲ. ಮಾಡಿ ಕಲಿಯಬೇಕು. ಮುಂದಿನ ತಿಂಗಳು ಆರೋಗ್ಯ ಕೇಂದ್ರದ ನರ್ಸಮ್ಮನನ್ನು ನಮ್ಮ ಕೇಂದ್ರಕ್ಕೆ ಕರೆಯುತ್ತೇವೆ. 108ಕ್ಕೆ ಫೋನ್ ಮಾಡಿದರೆ ಆಂಬುಲೆನ್ಸ್ ಬರುತ್ತದೆ. ಕಾಡಿನೊಳಗೆ ಸಿಗ್ನಲ್ ಎಲ್ಲ ಕಡೆ ಸಿಗುವುದಿಲ್ಲ. ಹೋದ ಕೂಡಲೇ ಸಿಗ್ನಲ್ ಎಲ್ಲಿದೆ ಎಂದು ನೋಡಿಟ್ಟುಕೊಳ್ಳಿ.

ಹಾಗಾದರೆ ನೀರಿಗೆ ಇಳಿಯಲೇಬಾರದೆ? ನಾವು ಇಳಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಗುಡಿಯ ಹತ್ತಿರ ಊರವರು ಸ್ನಾನ ಮಾಡುವ ಜಾಗ ಇದೆ. ಎಲ್ಲಿಯವರೆಗೆ ಹೋಗಬಹುದು ಎಂದು ಅಲ್ಲಿಯ ಅಂಗಡಿ ಅಮ್ಮನನ್ನು ಕೇಳಿಕೊಂಡೆವು. ಅಂಚಿನಲ್ಲಿ ಕೂತು ಚೊಂಬಿನಲ್ಲಿ ಮೊಗೆದು ಮೊಗೆದು ಹುಯ್ದುಕೊಂಡೆವು. ಮಕ್ಕಳ ಸೊಂಟಕ್ಕೆ ಟವೆಲ್ ಕಟ್ಟಿ ಒಂದೊಂದು ತುದಿ ಒಬ್ಬೊಬ್ಬ ಅಕ್ಕ ಹಿಡಿದಿದ್ದರು. ಮಕ್ಕಳಿಗಿಂತ ದೊಡ್ಡವರೇ ಹೆಚ್ಚು ಕೂಗಿದರು. ಡೈರಿ ಅಕ್ಕ ನಮ್ಮ ತಲೆಗೂ ಒಂದು ಚೊಂಬು ಹುಯ್ದರು. ಟೀಚರು ಎಂದು ನೋಡಲೇ ಇಲ್ಲ.

ನಾಲ್ಕು ಗಂಟೆಗೆ ಟೆಂಪೋ ಡ್ರೈವರ್ ಅವಸರ ಮಾಡಿದರು. ಸಂಜೆಗೆ ಆನೆಗಳು ನೀರಿಗೆ ಬರುತ್ತವೆ. ಎಲೆ, ಕಾಗದ ಎಲ್ಲ ಚೀಲಕ್ಕೆ ತುಂಬಿದೆವು. ತಲೆ ಎಣಿಸಿದೆವು. ಹತ್ತೊಂಬತ್ತು. ಒಬ್ಬರು ಕಡಿಮೆ!

ನೋಡಿದರೆ ಆ ಅಕ್ಕ. ಬೆಳಗಿನಿಂದ ನೀರಿನ ಹತ್ತಿರ ಬಾರದಿದ್ದವರು ಈಗ ಸ್ನಾನದ ಮೆಟ್ಟಿಲ ಮೇಲೆ ಒಬ್ಬರೇ ನಿಂತಿದ್ದರು. ಬಗ್ಗಿ ಚೊಂಬಿನಲ್ಲಿ ನೀರು ಮೊಗೆದರು. ತಮ್ಮ ಎರಡು ಕಾಲಿನ ಮೇಲೆ ಹುಯ್ದುಕೊಂಡರು. ನಮ್ಮ ಕಡೆ ತಿರುಗಿ, "ತಣ್ಣಗೈತೆ ಟೀಚರಮ್ಮ" ಎಂದರು. ಮೆಟ್ಟಿಲು ಹತ್ತಿ ಬಂದರು.

ಮಾತಾಡೋಣ, ಬರೆಯೋಣ

ನಿಮ್ಮ ಊರಿನ ಕೆರೆ, ನಾಲೆ ಅಥವಾ ಹೊಳೆಯ ಹತ್ತಿರ ಫಲಕ ಇದೆಯೆ? ಅದರಲ್ಲಿ ಇರುವುದನ್ನು ನೋಡಿ ಬರೆದುಕೊಂಡು ಬನ್ನಿ. ತಿಳಿಯದ ಪದಕ್ಕೆ ಗೆರೆ ಎಳೆಯಿರಿ.

ಫಲಕ ಇಲ್ಲದಿದ್ದರೆ, ನೀವೇ ಬರೆಯುವುದಾದರೆ ಏನು ಬರೆಯುತ್ತೀರಿ? ನಾಲ್ಕು ಸಾಲು ಸಾಕು. ನೀವು ಆಡುವ ಮಾತಿನಲ್ಲೇ ಬರೆಯಿರಿ.

ಸುಳಿ, ಮಡು, ಸೆಳವು, ಪಾಚಿ. ಈ ನಾಲ್ಕು ಪದಗಳನ್ನು ಮನೆಯ ಮಕ್ಕಳಿಂದ ಓದಿಸಿ. ಒಂದೊಂದರ ಅರ್ಥ ನೀವು ಹೇಳಿಕೊಡಿ.